ನೋವಿಲ್ಲದ ಮೂವತ್ತು ವರ್ಷ

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ಎದೆನೋವು ಎಷ್ಟು ದಿನದಿಂದ ಇದೆ? ಯಮನಪ್ಪ ತೆಪ್ಪಗೆ ‘ಒಂದು ತಿಂಗಳಾತ್ರಿ’ ಅಂದಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲ. ಆದರೆ ಹಳೇ ಹುಬ್ಬಳ್ಳಿಯ ಅವನ ಓಣಿಯಲ್ಲಿ ಡಾಕ್ಟರಿಗೆ ಯಾರೂ ಸಣ್ಣ ಲೆಕ್ಕ ಹೇಳುವುದಿಲ್ಲ. ಎರಡು ದಿನದ ಜ್ವರ ಅಂದರೆ ಗುಳಿಗೆ ಕೊಟ್ಟು ಎಬ್ಬಿಸಿ ಕಳಿಸುತ್ತಾರೆ, ಹದಿನೈದು ದಿನ ಅಂದರೆ ಮಲಗಿಸಿ ಹೊಟ್ಟೆ ಒತ್ತಿ ನೋಡುತ್ತಾರೆ, ಆರು ತಿಂಗಳು ಅಂದರೆ ಮುಖ ಎತ್ತಿ ಮಾತಾಡಿಸುತ್ತಾರೆ. ಇದು ಅಲ್ಲಿಯವರು ಎಷ್ಟೋ ದವಾಖಾನೆಗಳ ಬೆಂಚು ಸವೆಸಿ ಕಂಡುಕೊಂಡ ಸತ್ಯ. ಅದಕ್ಕೇ ಯಮನಪ್ಪ ಹಾಸಿಗೆಯ ಮೇಲೆ ನೆಟ್ಟಗೆ ಕೂತು, ಅಂಗಿಯ ಗುಂಡಿ ಹಾಕಿಕೊಂಡು, ಕಥೆಯನ್ನು ಬುಡದಿಂದ ಶುರು ಮಾಡಿದ.

“ಹಿಂಗೈತ್ರಿ ಸಾಹೇಬ್ರ, ಎಪಿಎಂಸಿಯೊಳಗ ನಾ ಚೀಲಾ ಹೊರಾಕ ಹತ್ತಿದಾಗಿಂದ ಐತ್ರಿ ಇದು. ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ, ಏನ್ ಹೊತ್ರೂ ಇಲ್ಲೇ ಹಿಡೀತಿತ್ರಿ. ಮೂವತ್ತು ವರ್ಷಾತು.”

ಡಾಕ್ಟರ ಹೆಸರು ವಿಶಾಲ. ಇನ್ನೂ ಸಣ್ಣ ವಯಸ್ಸು, ಪಾಳಿ ಮುಗಿಯಲು ಬಂದಿತ್ತು, ಕಣ್ಣು ಕೆಂಪಗಾಗಿದ್ದವು. ಅವನು ತಲೆಯಾಡಿಸಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದುಕೊಂಡ. ಪಕ್ಕದಲ್ಲೇ ನಿಂತಿದ್ದ ಮಗಳು ಮಯೂರಿ ಆ ಸಾಲನ್ನು ಓದಿದಳು. ಮೂವತ್ತು ವರ್ಷದಿಂದ ಎದೆನೋವು, ಭಾರ ಹೊತ್ತಾಗ ಹೆಚ್ಚು. ಅಪ್ಪ ಎಷ್ಟು ಚೆಂದ ಬಿಡಿಸಿ ಹೇಳಿದ ಎಂದು ಆ ಹೊತ್ತಿಗೆ ಅವಳಿಗೆ ಸಮಾಧಾನವೇ ಆಗಿತ್ತು. ಎಂ.ಎ. ಓದಿ, ಮಕ್ಕಳಿಗೆ ಅರ್ಥಶಾಸ್ತ್ರ ಹೇಳುವವಳಿಗೆ ಅಷ್ಟೂ ಹೊಳೆಯಲಿಲ್ಲ ಎಂದು ಆಮೇಲೆ ಅವಳು ತನ್ನನ್ನೇ ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಪರೀಕ್ಷೆಯಾಯಿತು. ಹೃದಯದ ರಕ್ತನಾಳ ಮೂರು ಕಡೆ ಕಟ್ಟಿದೆ, ಹದಿನೈದು ದಿನದೊಳಗೆ ಬೈಪಾಸ್ ಆಗಲೇಬೇಕು ಅಂದರು ದೊಡ್ಡ ಡಾಕ್ಟರು. ಖರ್ಚು ನಾಲ್ಕು ಲಕ್ಷದ ಹತ್ತಿರ. ಮಯೂರಿ ಹೆದರಲಿಲ್ಲ. ಎರಡು ವರ್ಷದ ಹಿಂದೆ ಅವಳು ಅಪ್ಪ-ಅವ್ವನ ಹೆಸರಿಗೆ ಖಾಸಗಿ ಕಂಪನಿಯೊಂದರ ಆರೋಗ್ಯ ವಿಮೆ ಮಾಡಿಸಿದ್ದಳು. ಹೊಸ ಸೀರೆ ಬಿಟ್ಟು, ಗೆಳತಿಯರ ಜೊತೆ ಊರು ಸುತ್ತುವುದು ಬಿಟ್ಟು, ಕಂತು ತಪ್ಪದಂತೆ ಕಟ್ಟಿಕೊಂಡು ಬಂದಿದ್ದಳು. ಕಾಗದ ಕೊಟ್ಟು, ಗುಳಿಗೆ ಇಸಿದುಕೊಂಡು, ಕಂಪನಿಯ ಒಪ್ಪಿಗೆ ಬಂದ ದಿನ ಬರುತ್ತೇವೆಂದು ಹೇಳಿ ಅಪ್ಪನನ್ನು ಮನೆಗೆ ಕರೆದುಕೊಂಡು ಬಂದಳು.

ಉತ್ತರ ಬಂದದ್ದು ಅವಳು ಧಾರವಾಡದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ. ಪಾಠವಾದರೂ ಯಾವುದು? ಸಾರ್ವಜನಿಕ ಆರೋಗ್ಯ ವಿಮೆ ಮತ್ತು ಖಾಸಗಿ ಆರೋಗ್ಯ ವಿಮೆ, ಗುಣದೋಷಗಳು, ಹತ್ತು ಅಂಕ. ಮುಂದಿನ ಬೆಂಚಿನ ಸ್ನೇಹಲ್ ಎನ್ನುವ ಹುಡುಗಿ ಪೆನ್ನು ಎತ್ತಿ ಕೇಳಿದಳು, “ಮೇಡಮ್, ಎರಡರಾಗ ಛಲೋ ಯಾವುದ್ರಿ? ಕೊನಿಗೆ ಒಂದು ಬರೀಬೇಕಲ್ರಿ?”

ಹೋದ ವರ್ಷವೂ ಇದೇ ಪ್ರಶ್ನೆ ಬಂದಿತ್ತು, ಅದಕ್ಕೊಂದು ಸಿದ್ಧ ಉತ್ತರವೂ ಮಯೂರಿಯ ಬಳಿ ಇತ್ತು. ಎರಡರ ನಡುವೆ ಸಮತೋಲನ ಬೇಕು ಎಂದು ಬರೆಸಿದರೆ ಪೇಪರು ನೋಡುವವರು ಖುಷಿಯಿಂದ ಅಂಕ ಕೊಡುತ್ತಾರೆ. ಅದನ್ನೇ ಬರೆಸಲು ಬಾಯಿ ತೆರೆದಳು. ಮೇಜಿನ ಮೇಲಿದ್ದ ಫೋನು ಮಿನುಗಿತು. ನಿಮ್ಮ ಕೋರಿಕೆಯನ್ನು ಒಪ್ಪಲಾಗಿಲ್ಲ. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ. ಅದಕ್ಕೆ ಹಣ ಸಿಗಲು ಪಾಲಿಸಿಗೆ ಮೂರು ವರ್ಷ ತುಂಬಬೇಕು, ತುಂಬಿಲ್ಲ. ಆಸ್ಪತ್ರೆಯ ದಾಖಲೆಯ ಪ್ರಕಾರ ರೋಗಿಗೆ ಮೂವತ್ತು ವರ್ಷದಿಂದ ಎದೆನೋವು.

“ಸಮತೋಲನ ಅಂತ ಬರೀರಿ,” ಎಂದಳು ಮಯೂರಿ. ಕುರ್ಚಿ ಎಳೆದುಕೊಂಡು ಕೂತಳು. ಹುಡುಗಿಯರು ಸಮತೋಲನದ ಕೆಳಗೆ ಗೆರೆ ಎಳೆದುಕೊಂಡರು.

ಮಧ್ಯಾಹ್ನದ ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಹುಬ್ಬಳ್ಳಿಗೆ ಬಂದು ನೇರ ಆಸ್ಪತ್ರೆಗೆ ಹೋದಳು. ಅಲ್ಲಿ ವಿಮೆಯ ಕೆಲಸಕ್ಕೆ ಎರಡು ಕಿಟಕಿ. ಒಂದು ಸರ್ಕಾರಿ ಯೋಜನೆಯದು. ಅದರ ಮುಂದೆ ಬಾಗಿಲಿನ ಆಚೆಯವರೆಗೆ ಸಾಲು, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಕಾರ್ಡು, ಕಾರ್ಡಿನ ಝೆರಾಕ್ಸು, ಝೆರಾಕ್ಸಿನ ಝೆರಾಕ್ಸು. ಇನ್ನೊಂದು ಖಾಸಗಿ ವಿಮೆಯದು. ಅದರ ಮುಂದೆ ಐದು ಮೆತ್ತನೆಯ ಕುರ್ಚಿ, ತಣ್ಣೀರಿನ ಯಂತ್ರ. ಮಜಾ ಅಂದರೆ ಎರಡೂ ಕಿಟಕಿಯ ಹಿಂದೆ ಇದ್ದವಳು ಒಬ್ಬಳೇ. ಫಿರದೋಸ ಎಂಬ ಆ ಹೆಣ್ಣುಮಗಳು ಚಕ್ರದ ಕುರ್ಚಿಯಲ್ಲಿ ಕೂತು ಕಾಲಿನಿಂದ ನೆಲ ಒದ್ದು, ದಿನವಿಡೀ ಆ ಕಿಟಕಿಯಿಂದ ಈ ಕಿಟಕಿಗೆ ಜಾರುತ್ತಿದ್ದಳು. ಈ ಕಡೆ ಇಲ್ಲ ಅನ್ನುವುದು, ಆ ಕಡೆ ಇಲ್ಲ ಅನ್ನುವುದು. ಸಂಜೆಯ ಹೊತ್ತಿಗೆ ಅವಳ ಮುಖ ನೋಡಿದರೆ ಬೈಯಲು ಬಂದವರಿಗೂ ಬೈಯಲು ಮನಸ್ಸಾಗುತ್ತಿರಲಿಲ್ಲ.

ಫಿರದೋಸ ಫೋನಿನಲ್ಲಿದ್ದ ಉತ್ತರ ಓದಿ ಉಸಿರು ಬಿಟ್ಟಳು. “ನಿಮ್ಮ ತಂದೆಯವರು ಭಾಳ ಹೇಳಿಬಿಟ್ಟಾರ್ರಿ ಮೇಡಮ್. ಇಲ್ಲಿ ಹಿಂಗ ದಿನಾ ಒಬ್ಬರರ ಹೇಳತಾರ. ಹೇಳಬ್ಯಾಡ್ರಿ ಅಂತ ನಾ ಗ್ವಾಡಿಮ್ಯಾಲ ಬರದು ಹಚ್ಚಾಕ ಬರತೈತೇನ್ರಿ?” ಆಮೇಲೆ ಕುರ್ಚಿಯನ್ನು ಆ ಕಡೆಗೆ ತಿರುಗಿಸಿ, “ಬಿಪಿಎಲ್ ಕಾರ್ಡ್ ಇದ್ರ ಕೊಡ್ರಲಾ. ಸರ್ಕಾರಿ ದವಾಖಾನಿ ಚೀಟಿ ತಂದ್ರ ಇಲ್ಲೇ ಫ್ರೀ ಆಗತೈತಿ,” ಎಂದಳು.

ಕಾರ್ಡು ಇತ್ತು. ಆರು ವರ್ಷದ ಹಿಂದಿನವರೆಗೆ ಇತ್ತು.

ಮಯೂರಿ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ದಿನ ಯಮನಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬುದ್ಧನ ಫೋಟೋದ ಮುಂದೆ ಎರಡು ಊದುಬತ್ತಿ ಹಚ್ಚಿ, ಕಾರ್ಡು ಹಿಡಿದುಕೊಂಡು ಮುರುಗೆಪ್ಪನ ರೇಷನ್ ಅಂಗಡಿಗೆ ಹೋಗಿದ್ದ. ಸಾಲಿನಲ್ಲಿ ನಿಂತಿದ್ದ ಇಡೀ ಓಣಿಗೆ ಕೇಳುವಂತೆ, “ಮಗಳು ಲೆಕ್ಚರರ್ ಆದ್ಲ್ರಿ. ಇನ್ನ ನಮ್ಮ ಪಾಲಿನ ಅಕ್ಕಿ ಇಲ್ಲದವರಿಗೆ ಹೋಗ್ಲಿ,” ಎಂದಿದ್ದ. ಕಾರ್ಡನ್ನು ಆಫೀಸಿಗೇ ಹೋಗಿ ಒಪ್ಪಿಸಬೇಕು ಎಂದು ಮುರುಗೆಪ್ಪ ಹೇಳಿದಾಗ, ಅಷ್ಟು ದೂರ ಹೋಗಿ ಸರದಿಯಲ್ಲಿ ನಿಂತು ಒಪ್ಪಿಸಿ, ರಸೀದಿ ಬೇಡಿ ಪಡೆದಿದ್ದ. ಕಾರು ಇಟ್ಟುಕೊಂಡವರೂ ಆ ಕಾರ್ಡನ್ನು ಬಿಡದೆ ಹಿಡಿದುಕೊಂಡಿರುವ ಊರಿನಲ್ಲಿ, ಕೇಳದೆಯೇ ತಂದು ಕೊಟ್ಟವನನ್ನು ಅಲ್ಲಿಯ ಗುಮಾಸ್ತ ಎರಡು ಸಲ ಮೇಲಿಂದ ಕೆಳಗೆ ನೋಡಿದನಂತೆ. ಆ ರಸೀದಿ ಇವತ್ತಿಗೂ ಮನೆಯ ಟ್ರಂಕಿನಲ್ಲಿ, ಮಯೂರಿಯ ಅಂಕಪಟ್ಟಿಗಳ ಜೊತೆ ಇದೆ.

ಅಪ್ಪನಿಗೆ ಹೇಳದೆ ಬಿಟ್ಟದ್ದು ಒಂದಿತ್ತು. ಅವಳು ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಆಯ್ಕೆ, ರಜೆಯ ತಿಂಗಳುಗಳಿಗೆ ಸಂಬಳವಿಲ್ಲ. ಕಾಯಂ ನೌಕರರ ಅಪ್ಪ-ಅವ್ವಂದಿರಿಗೆ ಸಿಗುವ ಚಿಕಿತ್ಸೆ ಅವಳ ಅಪ್ಪ-ಅವ್ವನಿಗೆ ಸಿಗುವುದಿಲ್ಲ. ಅತಿಥಿಗಳಿಗೂ ವಿಮೆ ಕೊಡುವ ಮಾತು ಎದ್ದಿತ್ತು. ಅದರಲ್ಲಿ ಹೆತ್ತವರು ಬರುತ್ತಾರೋ ಇಲ್ಲವೋ ಯಾರೂ ಖಚಿತವಾಗಿ ಹೇಳುತ್ತಿರಲಿಲ್ಲ. ಬಿಳಿ ಅಂಗಿಯ ಅಪ್ಪನನ್ನು ಅಂದು ಬಾಗಿಲಲ್ಲಿ ತಡೆದು ಇಷ್ಟನ್ನು ಹೇಳಬೇಕಿತ್ತು. ಹೇಳಲು ಆಗಲಿಲ್ಲ. ಆರು ವರ್ಷ ಆಗಲಿಲ್ಲ.

“ಹಂಗಾದ್ರ ದಾರಿ ಎರಡು ಅದಾವ್ರಿ,” ಎಂದಳು ಫಿರದೋಸ ದನಿ ತಗ್ಗಿಸಿ. “ಎರಡೂ ನನಗ ಸೇರಾಂಗಿಲ್ಲ, ಆದ್ರೂ ಹೇಳತೇನಿ. ಮನ್ಯಾಗ ದೊಡ್ಡ ಬ್ಯಾನಿ ಐತಿ ಅಂದ್ರ ಹೊಸಾ ಬಿಪಿಎಲ್ ಕಾರ್ಡಿನ ಅರ್ಜಿ ಲಗೂ ನೋಡತಾರ. ಆದ್ರ ನಿಮ್ಮ ಪಗಾರ ಅಡ್ಡ ಬರತೈತಿ. ನಿಮ್ಮ ಹೆಸರು ತಗದು, ತಂದಿ-ತಾಯಿ ಇಬ್ಬರ ಅದಾರ, ಮಗಳು ಬ್ಯಾರೆ ಇರತಾಳ, ಇವರನ್ನ ನೋಡಾಂಗಿಲ್ಲ ಅಂತ ಬರದು ಕೊಡಬೇಕು. ಹಂಗ ಮಾಡಿದವರದಾರ. ಇನ್ನೊಂದು, ಕಂಪನಿಗೆ ಡಾಕ್ಟರ್ ಕಡಿಂದ ತಪ್ಪಾಗಿ ಬರದೇವಿ ಅಂತ ಪತ್ರ. ಅದರ ಸಂಗಾಟ ಪೇಷಂಟ್ ತಾವ ಬರದು ಸಹಿ ಮಾಡಬೇಕು, ಮೊದಲ ನನಗ ಯಾವ ನೋವೂ ಇದ್ದಿಲ್ಲ ಅಂತ.”

ಮಯೂರಿ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಯಮನಪ್ಪ ಗೋಡೆಗೆ ಒರಗಿ ಕೂತಿದ್ದ. ಅವ್ವ ದುರಗವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳು ಕಂಪನಿಯವರು ಒಲ್ಲೆ ಅಂದದ್ದನ್ನು ಹೇಳಿದ್ದೇ ತಡ, ದುರಗವ್ವನ ಬಡಿತ ಜೋರಾಯಿತು.

“ಮೊದಲ ಹೇಳಿದ್ದೆ ನಾ. ಪ್ರೈವೇಟ್ನ್ಯಾವರು ರೊಕ್ಕಾ ಇಸ್ಕೊಳ್ಳುಮುಂದ ಅಕ್ಕಾ ಅಂತಾರ, ಕೊಡುಮುಂದ ನೀ ಯಾರಂತಾರ. ಸರ್ಕಾರದ್ದು ಸರ್ಕಾರದ್ದ. ಅಲ್ಲಬೇ ಮಯೂರಿ, ನೀ ಸರ್ಕಾರಿ ಲೆಕ್ಚರರ್ ಅದಿ, ನಿಮ್ಮ ಸರ್ಕಾರದವರು ನಿಮ್ಮಪ್ಪನ್ನ ನೋಡಾಂಗಿಲ್ಲೇನು?”

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಮಯೂರಿ ಚೀಲವನ್ನೂ ಕೆಳಗಿಡದೆ ನಿಂತಲ್ಲೇ ಹೇಳಿದಳು. “ನಾ ಕಾಯಂ ಅಲ್ಲಬೇ. ಗೆಸ್ಟ್. ವರ್ಷಾ ವರ್ಷಾ ತಗೋತಾರ, ವರ್ಷಾ ವರ್ಷಾ ಬಿಡತಾರ. ಅಪ್ಪಗ ಹೇಳಲಿಲ್ಲ ನಾನು. ಅವತ್ತ ಹೇಳಿದ್ರ ಕಾರ್ಡ್ ಉಳೀತಿತ್ತು.”

ಅಳು ಬರುತ್ತದೆ ಎಂದುಕೊಂಡಿದ್ದಳು, ಅದೂ ಬರಲಿಲ್ಲ. ಅಷ್ಟು ದಣಿದಿದ್ದಳು. ಯಮನಪ್ಪ ಮಗಳನ್ನು ನೋಡಿ ಮೆಲ್ಲಗೆ ಕೇಳಿದ, “ಕುಂದ್ರಲಾ ಮೊದಲ. ಬ್ಯಾಸಗ್ಯಾಗ ಮೂರು ತಿಂಗಳ ಮನ್ಯಾಗ ಕುಂದರ್ತಿ. ಫೋನ್ ಬಡದ್ರ ಎದ್ದೋಡತಿ. ಹೊಸಾ ಸೀರಿ ತಗೊಳ್ಳೂದ ಬಿಟ್ಟಿ. ನನಗ ತಿಳಿಯೂದಿಲ್ಲೇನು?”

“ಗೊತ್ತಿತ್ತಾ ನಿನಗ?”

“ಎರಡನೇ ವರ್ಷಕ್ಕ ಗೊತ್ತಾತು. ನೀ ಹೇಳವಲ್ಲಿ ಅಂದ್ರ ನಿನಗ ಏನೋ ನೋವೈತಿ ಅಂತ ನಾನೂ ಸುಮ್ನಾದೆ. ಆ ಕಾರ್ಡಿನ ಮಾತು ಬಿಡು. ಕೊಟ್ಟದ್ದು ಕೊಟ್ಟೇನಿ.”

ದುರಗವ್ವ ರೊಟ್ಟಿ ಹಂಚಿನ ಮೇಲೆ ಹಾಕಿದಳು. ಆ ಮನೆಯಲ್ಲಿ ಅವಳೊಬ್ಬಳಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ಅದರ ಸಿಟ್ಟು ಅವಳಿಗೆ ಬರಬೇಕಾದದ್ದೇ, ನಾಲ್ಕು ದಿನ ಬಿಟ್ಟು ಬಂತು ಕೂಡ. ಅವತ್ತು ಮಾತ್ರ ರೊಟ್ಟಿ ಹೊತ್ತಿಹೋಯಿತು.

ಊಟವಾದ ಮೇಲೆ ಮಯೂರಿ ಎರಡೂ ದಾರಿಯನ್ನು ಬಿಡಿಸಿ ಹೇಳಿದಳು. ಕಾರ್ಡಿನದೇ ಮೇಲು ಎಂದು ದುರಗವ್ವ ಪಟ್ಟು ಹಿಡಿದಳು. ಕಾರ್ಡಿದ್ದರೆ ಇವತ್ತಿಗೂ ಆಯಿತು, ಮುಂದಿಗೂ ಆಯಿತು. ಮಯೂರಿಗೂ ಒಳಗೊಳಗೆ ಹಾಗೆಯೇ ಅನ್ನಿಸಿತ್ತು. ಒಂದು ಹೆಸರು ತೆಗೆಯುವುದು ತಾನೆ, ಕಾಗದದ ಮೇಲೆ ಮಾತ್ರ. ತನ್ನಿಂದ ಹೋದ ಕಾರ್ಡು ತನ್ನ ಹೆಸರು ಹೋಗಿ ಬರಲಿ.

ಯಮನಪ್ಪ ಎಲ್ಲ ಕೇಳಿಸಿಕೊಂಡು ಎದೆ ಮೇಲೆ ಕೈಯಿಟ್ಟುಕೊಂಡ. “ಸರ್ಕಾರದವರು ಬಡವ ಅದೀ ಏನು ಅಂತ ಕೇಳತಾರ. ಕಂಪನಿಯವರು ಗಟ್ಟಿ ಅದೀ ಏನು ಅಂತ ಕೇಳತಾರ. ಬ್ಯಾನಿ ಬಿದ್ದಾಂವಗ ಇದೇನ್ ಪ್ರಶ್ನೆವಾ? ಮಗಳು ನಮ್ಮನ್ನ ನೋಡಾಂಗಿಲ್ಲ ಅಂತ ನಾ ಬರದು ಕೊಡ್ಲಾ? ನಿನ್ನಂಥಾ ಮಗಳ ಮ್ಯಾಲ? ಸತ್ರೂ ಕೊಡಾಂಗಿಲ್ಲ.”

“ಅಪ್ಪಾ, ಬರೇ ಕಾಗದದಾಗ...”

“ನೀ ಓದಿ ಲೆಕ್ಚರರ್ ಆದದ್ದು ಕಾಗದದಿಂದನ ಅಲ್ಲೇನ? ಅದನ್ನ ಬರೇ ಕಾಗದಾ ಅಂತೀಯಲ್ಲ.” ಅವನ ದನಿ ಏರಿತು, ಉಸಿರು ಸಿಕ್ಕಿಕೊಂಡಿತು, ದುರಗವ್ವ ನೀರು ಕೊಟ್ಟಳು. ಕುಡಿದು ಸುಧಾರಿಸಿಕೊಂಡು ಹೇಳಿದ, “ನನ್ನ ನೋವು ನಂದು. ಇತ್ತು ಅಂದಾಂವ ನಾನ, ಇಲ್ಲ ಅಂತೇನಿ. ನಾಳೆ ಹೋಗೂಣು.”

ಮರುದಿನ ಡಾಕ್ಟರ್ ವಿಶಾಲ ಮೊದಲು ಸಿಡುಕಿದ. ರೋಗಿ ಹೇಳಿದ್ದನ್ನೇ ತಾನು ಬರೆದದ್ದು, ತಪ್ಪು ತನ್ನದು ಹೇಗಾಗುತ್ತದೆ ಅಂದ. ಆದರೆ ದೊಡ್ಡ ಡಾಕ್ಟರು ಪರೀಕ್ಷೆಯ ಚಿತ್ರಗಳನ್ನು ತೆರೆದು, ಮೂವತ್ತು ವರ್ಷದ ಹೃದಯದ ನೋವಾಗಿದ್ದರೆ ಈ ಮನುಷ್ಯ ಇಲ್ಲಿಯವರೆಗೆ ಬರುತ್ತಲೇ ಇರಲಿಲ್ಲ, ಅದು ಚೀಲ ಹೊತ್ತ ಮಾಂಸಖಂಡದ ನೋವು, ಅದನ್ನು ಬಿಡಿಸಿ ಬರೆಯಬೇಕಿತ್ತು ಎಂದರು. ವಿಶಾಲ ತಲೆ ತಗ್ಗಿಸಿ ಪತ್ರ ಬರೆದ. ಹಾಗಾದರೆ ಇದರಲ್ಲಿ ಸುಳ್ಳೇನೂ ಇಲ್ಲ ಎಂದು ಮಯೂರಿಯ ಮನಸ್ಸು ಹಗುರಾಯಿತು. ಅದು ಫಿರದೋಸಳ ಕಿಟಕಿಯವರೆಗೆ ಮಾತ್ರ.

ಕಂಪನಿಗೆ ಮಾಂಸಖಂಡ, ಹೃದಯ ಎಂಬ ಭೇದ ಬೇಡ ಎಂದಳು ಫಿರದೋಸ. ನೋವು ಅಂತ ಒಂದು ಅಕ್ಷರ ಕಂಡರೂ ಮತ್ತೆ ಅಲ್ಲೇ ನಿಲ್ಲಿಸುತ್ತಾರೆ. ಅವಳು ಹೇಳುತ್ತ ಹೋದಳು, ಮಯೂರಿ ಬರೆದಳು: ನಾನು ಮೂವತ್ತು ವರ್ಷ ಹಮಾಲಿ ಕೆಲಸ ಮಾಡಿರುತ್ತೇನೆ. ಚೀಲ ಹೊರುವಾಗ ನನಗೆ ಎಂದೂ ಯಾವ ನೋವೂ ಆಗಿರುವುದಿಲ್ಲ.

ಯಮನಪ್ಪ ಎರಡು ಸಲ ಓದಿಸಿ ಕೇಳಿದ. ಸಹಿ ಮಾಡಲು ಅವನು ಕಲಿತದ್ದು ಮಯೂರಿ ಮೂರನೆಯ ಇಯತ್ತೆಯಲ್ಲಿದ್ದಾಗ, ಅವಳದೇ ಪಾಟಿಯ ಮೇಲೆ. ಪೆನ್ನು ಹಿಡಿದವನು ತಡೆದ.

“ತಂಗೀ, ‘ಎಂದೂ’ ಅಂತೈತಲ್ಲ, ಅದೊಂದು ತಗದ್ರ ಆಗಾಂಗಿಲ್ಲೇನು?”

“ಆಗಾಂಗಿಲ್ಲ ಕಾಕಾ,” ಎಂದಳು ಫಿರದೋಸ. ಅವಳ ದನಿಯೂ ಸೋತಿತ್ತು. “ಮತ್ತ ಕಾಕಾ, ಕಂಪನಿಯವರು ಯಾರನರ ಕಳಸಬಹುದು. ಓಣ್ಯಾಗ ಕೇಳತಾರ, ಎಪಿಎಂಸಿಗೆ ಹೋಗಿ ಕೇಳತಾರ. ಇನ್ನಮ್ಯಾಲ ಯಾರ ಮುಂದೂ ಮಾತು ಬದಲಿ ಆಗಬಾರದ್ರಿ.”

ಅವನು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದ. ಮುಗಿದ ಮೇಲೆ ಎಡಗೈ ತಾನಾಗಿ ಬಲ ಭುಜಕ್ಕೆ ಹೋಯಿತು. ಅಲ್ಲಿ ಚೀಲ ಕೂತು ಕೂತು ಬಿದ್ದ ಗಂಟೊಂದಿತ್ತು. ಅದನ್ನು ಒತ್ತಿಕೊಳ್ಳುತ್ತ ಕೂತ ಅಪ್ಪನನ್ನು ನೋಡಲಾಗದೆ ಮಯೂರಿ ಝೆರಾಕ್ಸ್ ತರುವ ನೆಪದಲ್ಲಿ ಎದ್ದು ಹೋದಳು. ಎಂಟು ವರ್ಷದವಳಿದ್ದಾಗ ಅದೇ ಗಂಟಿಗೆ ಅವಳು ಬಿಸಿ ಎಣ್ಣೆ ಹಚ್ಚುತ್ತಿದ್ದಳು. ಹಚ್ಚುವಾಗ ಅಪ್ಪ ಹಲ್ಲು ಕಚ್ಚಿ, ಮಗ್ಗಿ ಹೇಳು ಅನ್ನುತ್ತಿದ್ದ.

ಐದನೆಯ ದಿನ ಒಪ್ಪಿಗೆ ಬಂತು. ಎಂಟನೆಯ ದಿನ ಬೈಪಾಸ್ ಆಯಿತು. ಯಾರನ್ನೂ ಕಳಿಸಿ ಕಂಪನಿ ಕೇಳಲಿಲ್ಲ, ಕನಿಷ್ಠ ಇಲ್ಲಿಯವರೆಗೆ ಕೇಳಿಲ್ಲ. ದೊಡ್ಡ ಡಾಕ್ಟರು ಬಂದು ಎಲ್ಲ ಛಲೋ ಆಗಿದೆ ಎಂದಾಗ ದುರಗವ್ವ ಅವರ ಕಾಲಿಗೆ ಬೀಳಲು ಹೋದಳು, ಮಯೂರಿ ಹಿಡಿದು ನಿಲ್ಲಿಸಿದಳು. ಖುಷಿಪಡಬೇಕು ಎಂದು ಅವಳಿಗೆ ಗೊತ್ತಿತ್ತು. ಬೆಂಚಿನ ಮೇಲೆ ಕೂತವಳಿಗೆ ನಿದ್ದೆ ಹತ್ತಿತು.

ಅಪ್ಪನನ್ನು ವಾರ್ಡಿಗೆ ತಂದ ಎರಡನೆಯ ದಿನ ಸಂಜೆ ಗುಲಾಬಸಾಬ ಬಂದ. ಎಪಿಎಂಸಿಯಲ್ಲಿ ಯಮನಪ್ಪನ ಜೋಡಿ. ಒಂದು ಚೀಲಕ್ಕೆ ಇಬ್ಬರು ಕೊಕ್ಕೆ ಹಾಕಿ ಎತ್ತುವಾಗ ಆಚೆಯ ತುದಿಗೆ ಯಾವಾಗಲೂ ಇದ್ದವನು ಅವನೇ. ಡಜನ್ ಬಾಳೆಹಣ್ಣು ಮೇಜಿನ ಮೇಲಿಟ್ಟು, ಸ್ಟೂಲು ಎಳೆದುಕೊಂಡು ಕೂತು, ಗೆಳೆಯನ ಎದೆಯ ಪಟ್ಟಿ ನೋಡಿ ಕಣ್ಣು ಒರೆಸಿಕೊಂಡ.

“ನಾ ಆವಾಗ ಹೇಳಿದ್ದಿಲ್ಲೇನೋ ಯಮನಾ? ಹತ್ತಿ ಅಂಡಿಗಿ ಇಳಸುಮುಂದ ನೀ ಎದಿ ಹಿಡಕೊಂಡು ಲಾರಿ ಗಾಲಿ ಕಡೆ ಕುಂತಿದ್ದಿ. ನೆನಪೈತಿಲ್ಲ? ಎಷ್ಟ್ ನೋಯ್ತಿತ್ತೋ ನಿನಗ ಅವಾಗೆಲ್ಲ.”

ವಾರ್ಡಿನಲ್ಲಿ ಇನ್ನೂ ಮೂವರು ರೋಗಿಗಳು, ಅವರ ಮಂದಿ, ಬಾಗಿಲಲ್ಲಿ ನರ್ಸು. ಯಮನಪ್ಪ ಎಲ್ಲರ ಮುಖ ನೋಡಿದ, ಮಗಳ ಮುಖ ನೋಡಿದ. “ಇಲ್ಲಪಾ,” ಎಂದ. “ಎಂದೂ ನೋವಾಗಿಲ್ಲ.”

ಗುಲಾಬಸಾಬ ನಕ್ಕ. ಗೆಳೆಯ ತಮಾಷೆ ಮಾಡುತ್ತಾನೆ ಅಂದುಕೊಂಡಿರಬೇಕು. ಯಮನಪ್ಪ ನಗಲಿಲ್ಲ. ನಗು ಮೆಲ್ಲಗೆ ಇಳಿದು, ಗುಲಾಬಸಾಬನ ಕೈ ತನ್ನ ಭುಜದ ಮೇಲೆ ಹೋಗಿ ನಿಂತಿತು.

“ಹೌದಾ?” ಎಂದ ಅವನು. “ಹಂಗಾದ್ರ ಅಷ್ಟೂ ವರ್ಷ ನನಗೊಬ್ಬಗ ನೋಯ್ತಿತ್ತೇನು?”

ಮಯೂರಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಹಾಸಿಗೆಯ ಸುತ್ತಲಿನ ಪರದೆ ಎಳೆದಳು. ಅಪ್ಪನ ಕಿವಿಯ ಹತ್ತಿರ ಬಗ್ಗಿ, “ಅಪ್ಪಾ, ಇಲ್ಲಿ ಯಾರೂ ಇಲ್ಲ. ಕಾಕಾಗ ಖರೇ ಹೇಳು. ನಿನ್ನ ಕೈ ಮುಗೀತೇನಿ,” ಎಂದಳು. ಈಗ ಬಂತು ಅವಳಿಗೆ ಅಳು.

ಯಮನಪ್ಪ ಗುಲಾಬಸಾಬನ ಕೈಯನ್ನು ಅವನ ಭುಜದಿಂದ ತೆಗೆದು ತನ್ನ ಎರಡೂ ಕೈಯೊಳಗೆ ಹಿಡಿದುಕೊಂಡ. ತುಟಿ ಅಲುಗಿದವು. ಆಮೇಲೆ ಮಗಳ ಕಡೆ ತಿರುಗಿ, ಸಣ್ಣ ಮಕ್ಕಳಿಗೆ ತಿಳಿಸಿ ಹೇಳುವ ದನಿಯಲ್ಲಿ ಹೇಳಿದ, “ಬ್ಯಾಡವಾ. ಮುಂದಿನ ವರ್ಷಾನೂ ಪಾಲಿಸಿ ಕಟ್ಟೂದೈತಲ್ಲ.”

ಗೆಳೆಯನ ಕೈಯನ್ನು ಮಾತ್ರ ಅವನು ಬಿಡಲಿಲ್ಲ. ಭೇಟಿಯ ಹೊತ್ತು ಮುಗಿಯಿತು ಎಂದು ನರ್ಸು ಬಂದು ಪರದೆ ಸರಿಸುವವರೆಗೂ ಹಾಗೆಯೇ ಹಿಡಿದುಕೊಂಡಿದ್ದ.